ಕಣ್ಣಿಗೆ ಒಂದೇ ಕಾಸರಗೋಡು, ಜಾವಾಕ್ಕೆ ಎರಡು: ಪ್ರಶ್ನೋತ್ತರ

ಬದಿಯಡ್ಕದ ವಿದ್ಯಾರ್ಥಿ: ಅಕ್ಕ, ನನ್ನ ಜಾವಾ ಪ್ರೋಗ್ರಾಮಿಗೆ ಕೀಬೋರ್ಡಿನಲ್ಲಿ "ಹೌದು" ಅಂತ ಕೊಟ್ಟರೂ == ಇರುವ ಇಫ್ ಒಳಗೆ ಹೋಗುವುದಿಲ್ಲ. ಎಂತ ಮಾಡುವುದು?

ಪ್ರೋಗ್ರಾಮರ್ ಅಕ್ಕ: == ನೋಡುವುದು ಎರಡೂ ಒಂದೇ ಆಬ್ಜೆಕ್ಟಾ, ಅಂದರೆ ಮೆಮೊರಿಯಲ್ಲಿರುವ ಒಂದೇ ಪ್ರತಿಯಾ ಅಂತ. ಅಕ್ಷರ ಹೋಲಿಸಲು ಈಕ್ವಲ್ಸ್ ಮೆಥಡ್ ಬಳಸಿ.

ಕುಂಬಳೆಯವರು: ನನ್ನಲ್ಲಿ == ಸರಿಯಾಗೇ ಬರುತ್ತದಲ್ಲ?

ಅಕ್ಕ: ಎರಡೂ ಪದ ಕೋಡಿನಲ್ಲೇ ಬರೆದದ್ದಾದರೆ ಜಾವಾ ಒಂದೇ ಪ್ರತಿ ಇಟ್ಟುಕೊಳ್ಳುತ್ತದೆ. ಅದನ್ನು ನಂಬಬೇಡಿ.

ಸೀತಾಂಗೋಳಿಯವರು: ಕನ್ಸ್ಟ್ರಕ್ಟರಿಗೆ (ಹೊಸ ಆಬ್ಜೆಕ್ಟ್ ಕಟ್ಟುವ ಭಾಗಕ್ಕೆ) ಹೆಸರು ಕೊಟ್ಟೆ, ಪ್ರಿಂಟ್ ಮಾಡಿದರೆ ನಲ್, ಅಂದರೆ ಏನೂ ಇಲ್ಲ. ಒಳಗೆ ನೇಮ್ = ನೇಮ್ ಅಂತ ಇದೆ.

ಅಕ್ಕ: ಪ್ಯಾರಾಮೀಟರನ್ನು (ಹೊರಗಿಂದ ಕೊಟ್ಟ ಹೆಸರನ್ನು) ಅದಕ್ಕೇ ತುಂಬಿದ್ದೀರಿ. ಎಡಕ್ಕೆ ದಿಸ್ ಡಾಟ್ ನೇಮ್ ಬರೆಯಿರಿ, ಅದು ಆಬ್ಜೆಕ್ಟಿನ ನೇಮ್. ಕನ್ಸ್ಟ್ರಕ್ಟರ್ ಮುಂದೆ ವಾಯ್ಡ್ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಅದು ಬರೀ ಮೆಥಡ್.

ಮಂಜೇಶ್ವರದವರು: ನಾನು ಈಕ್ವಲ್ಸನ್ನೇ ಬಳಸಿದ್ದೇನೆ. ಬದಿಯಡ್ಕ, ಕುಂಬಳೆ ಸರಿ ಬರುತ್ತವೆ. ಕಾಸರಗೋಡು, ಮಂಜೇಶ್ವರ ಮಾತ್ರ ಫಾಲ್ಸ್. ಪಟ್ಟಿಯಲ್ಲಿರುವ ಊರಿನ ಹೆಸರುಗಳು ಹಳೆ ಮ್ಯಾಕ್ ಕಂಪ್ಯೂಟರಿನ ಫೈಲ್ ಹೆಸರುಗಳಿಂದ ಬಂದದ್ದು.

ಅಕ್ಕ: ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಕನ್ನಡದಲ್ಲಿ ಕೋಡ್ ಮಾಡುವವರೆಲ್ಲ ಓದಿ. "ಗೋ" ಬರೆಯಲು ಯೂನಿಕೋಡಿನಲ್ಲಿ (ಕಂಪ್ಯೂಟರ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿಯಲ್ಲಿ) ಒಂದಕ್ಕಿಂತ ಹೆಚ್ಚು ದಾರಿ ಇದೆ. ಓತ್ವ ಒಂದೇ ಚಿಹ್ನೆಯಾಗಿ ಇರಬಹುದು, ಅಥವಾ ಎತ್ವ, ಕೊಂಬಿನಿಳಿ, ದೀರ್ಘ ಅಂತ ಮೂರು ತುಂಡಾಗಿ ಇರಬಹುದು, ಪರದೆಯಲ್ಲಿ ಮಾತ್ರ ಎರಡೂ ಒಂದೇ ರೀತಿ ಕಾಣುತ್ತವೆ. ಹಳೆ ಮ್ಯಾಕಿನ ಫೈಲ್ ಸಿಸ್ಟಮ್ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. "ಜೇ" ಕೂಡ ಹಾಗೇ ಎರಡಾಗುತ್ತದೆ. ಬದಿಯಡ್ಕ, ಕುಂಬಳೆಯಲ್ಲಿ ಒಡೆಯುವಂಥ ಚಿಹ್ನೆಯೇ ಇಲ್ಲ, ಅದಕ್ಕೇ ಅವು ಪಾಸಾದವು! ಎರಡೂ ಕಡೆಯ "ಕಾಸರಗೋಡು" ಲೆಂತ್ (ಎಷ್ಟು ಚಿಹ್ನೆ ಅಂತ) ಪ್ರಿಂಟ್ ಮಾಡಿ ನೋಡಿ. ಒಂದು 8, ಇನ್ನೊಂದು 10 ಬರಬೇಕು. ಹಾಗೆ ಬಂದರೆ ಹೋಲಿಸುವ ಮೊದಲು ಎರಡನ್ನೂ ಜಾವಾದ ನಾರ್ಮಲೈಜರ್‌ನಲ್ಲಿ ಎನ್‌ಎಫ್‌ಸಿ ಮಾಡಿಕೊಳ್ಳಿ, ಅಂದರೆ ಬಿಡಿ ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸಿಕೊಳ್ಳಿ.

ಉಪ್ಪಳದವರು: ಫಾರ್ವರ್ಡ್ ಬಂದದ್ದು: "ಎಲ್ಲ ಸ್ಟ್ರಿಂಗಿಗೂ ಇಂಟರ್ನ್ ಹಾಕಿ, ಮತ್ತೆ == ಸಾಕು, ಫಾಸ್ಟ್."

ಅಕ್ಕ: ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ. ಇಂಟರ್ನ್ ಅಂದರೆ ಒಂದೇ ಥರದ ಸ್ಟ್ರಿಂಗಿಗೆ (ಪಠ್ಯಕ್ಕೆ) ಒಂದೇ ಪ್ರತಿ ಬಳಸಲು ಹೇಳುವುದು, ಒಂದು ಕಡೆ ಅದನ್ನು ಮರೆತರೆ ತಪ್ಪು ಸುಮ್ನೆ ಅಡಗಿ ಕೂರುತ್ತದೆ. 8 ಮತ್ತು 10ರ ತೊಂದರೆಗೂ ಅದು ಮದ್ದಲ್ಲ.

ನೀರ್ಚಾಲಿನವರು: ಊರುಗಳ ಪಟ್ಟಿಯಲ್ಲಿ ಮಲಯಾಳಂ ರೀತಿಯ "ಮಂಜೇಶ್ವರಂ", "ಕಾಸರಗೋಡ್" ಅಂತಲೂ ಸೇರಿಸಿ, ಅರ್ಜಿಗಳಲ್ಲಿ ಹಾಗೇ ಬರುತ್ತದೆ.

ಪೆರ್ಲದವರು: ಯಾಕೆ ಸೇರಿಸಬೇಕು? ನಮ್ಮ ಊರಿನ ಹೆಸರು ನಾವೇ ಬಿಟ್ಟರೆ ಉಳಿಯುವುದು ಹೇಗೆ?

ನೀರ್ಚಾಲಿನವರು: ಬಿಡಿ ಅಂದೆನಾ ಮಾರಾಯ್ರೆ? ಅರ್ಜಿ ಹುಡುಕಿದರೆ ಸಿಗಬೇಕಲ್ವಾ!

ಪೆರ್ಲದವರು: ಇವತ್ತು ಹುಡುಕಲು, ನಾಳೆ ಬೋರ್ಡಿಗೆ.

ಮುಳ್ಳೇರಿಯದವರು: ಪ್ಯಾರಾಮೀಟರ್ ಇರುವ ಕನ್ಸ್ಟ್ರಕ್ಟರ್ ಬರೆದ ಮೇಲೆ ಒಳಗೆ ಏನೂ ಕೊಡದ ಖಾಲಿ ನ್ಯೂ ಎರರ್ ಕೊಡುತ್ತಿದೆ, ಯಾಕೆ?

ಹೊಸಂಗಡಿಯವರು: ಸ್ಟ್ರಿಂಗಿಗೆ == ಯಾಕೆ ಆಗುವುದಿಲ್ಲ?

ಅಕ್ಕ: ಮೊದಲ ಉತ್ತರ ಓದಿ. ಹೆಸರಿನ ಜಗಳ ಬೇರೆ ಕಡೆ ಮಾಡಿ, ಪ್ರಶ್ನೆಗಳು ಮುಚ್ಚಿಹೋಗುತ್ತಿವೆ.

ಪೆರ್ಲದವರು: ಇದು ಜಗಳ ಅಲ್ಲ, ಹೆಸರಿನ ಪ್ರಶ್ನೆ.

ಮಂಜೇಶ್ವರದವರು: ಅಕ್ಕ, 8 ಮತ್ತು 10! ಎನ್‌ಎಫ್‌ಸಿ ಮಾಡಿದೆ, ಎರಡೂ ಊರು ಸಿಕ್ಕಿದವು.

ಮುಳ್ಳೇರಿಯದವರು: ನನ್ನ ಪ್ರಶ್ನೆ ಯಾರಾದರೂ ನೋಡಿದಿರಾ?