ಸಹಾಯ ಬೇಕು: ಆಗಸ್ಟಸ್ ನಾಣ್ಯದ ಸೌಟು ಮತ್ತು ಕೋಲು

ನಮಸ್ಕಾರ. ರೋಮನ್ ಬೆಳ್ಳಿ ನಾಣ್ಯ ಬಲ್ಲವರು ದಯವಿಟ್ಟು ನೋಡಿ. ಕ್ರಿ.ಪೂ. 2ರಿಂದ ಈಗಿನ ಫ್ರಾನ್ಸಿನ ಲಿಯಾನ್‌ನಲ್ಲಿ ಟಂಕಿಸಿದ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯ ಇದು. ಮುಂದೆ ರೋಮನ್ ಚಕ್ರವರ್ತಿ ಆಗಸ್ಟಸ್ ತಲೆ. ಹಿಂದೆ ಅವನ ದತ್ತುಮಕ್ಕಳು ಗಾಯಸ್, ಲೂಸಿಯಸ್. ನಡುವೆ ಗುರಾಣಿ, ಈಟಿ. ಅದರ ಮೇಲೆ ಪೂಜೆಯ ಪುಟ್ಟ ಸೌಟು, ತುದಿ ಸುರುಳಿಯಾದ ಕೋಲು. ಸೌಟು ಪುರೋಹಿತನಾಗಿದ್ದ ಗಾಯಸ್‌ನ ಗುರುತು, ಕೋಲು ಶಕುನ ನೋಡುವ ಲೂಸಿಯಸ್‌ನದು. ಎಷ್ಟು ಚಿಕ್ಕ ಜಾಗದಲ್ಲಿ ಎಷ್ಟೆಲ್ಲ ಹೇಳಿದ್ದಾರೆ, ಅಲ್ವಾ!

ಆದರೆ ಕೆಲವು ನಾಣ್ಯಗಳಲ್ಲಿ ಸೌಟು ಎಡಕ್ಕಿದೆ, ಕೆಲವದರಲ್ಲಿ ಬಲಕ್ಕೆ. ಯಾವುದು ಮೊದಲಿನದು? ದಕ್ಷಿಣ ಭಾರತದ ನಿಧಿಗಳಲ್ಲಿ ಈ ನಾಣ್ಯ ಜಾಸ್ತಿ ಸಿಕ್ಕಿದೆ, ಇಲ್ಲೇ ಮಾಡಿದ ನಕಲುಗಳೂ ಇವೆ. ಅವುಗಳಲ್ಲಿ ಸೌಟು ಯಾವ ಕಡೆ? ಹಿಂಬದಿಯ ಸ್ಪಷ್ಟ ಫೋಟೋ, ತೂಕ ಇದ್ದವರು ಇಲ್ಲೇ ಹಾಕಿ. ಬೆಲೆ ವಿಚಾರ ಬೇಡ, ಚಿತ್ರ ಸಾಕು.