ಜಾಗ ಬಿಟ್ಟು ಏಳುವ ಮಗು: ಯಾವಾಗ, ಏಕೆ ಅಂತ ಪತ್ತೆಹಚ್ಚೋದು ಹೇಗೆ?

ಪ್ರಶ್ನೆ
ಮೂರನೇ ತರಗತಿ, 28 ಮಕ್ಕಳು, ಒಬ್ಬರೇ ಟೀಚರ್. ಒಬ್ಬ ಹುಡುಗ ಪದೇಪದೇ ಎದ್ದು ಓಡಾಡುತ್ತಾನೆ, ಪಕ್ಕದವರ ಪೆನ್ಸಿಲ್ ಕಿತ್ಕೋತಾನೆ. ದಿನವಿಡೀ ಹೀಗೇ ಅನ್ನಿಸುತ್ತೆ. ಇದರಲ್ಲಿ ಏನಾದರೂ ಕ್ರಮ ಇದೆಯಾ ಅಂತ ತಿಳಿಯೋದು ಹೇಗೆ?

ಉತ್ತರ 1
"ತುಂಟ", "ಹಟಮಾರಿ" ಅಂತ ಬರೆಯಬೇಡಿ, ಕಣ್ಣಿಗೆ ಕಂಡಷ್ಟೇ ಬರೆಯಿರಿ. ಪುಟಕ್ಕೆ ನಾಲ್ಕು ಕಾಲಂ ಸಾಕು: ವೇಳೆ, ಮುಂಚೆ ಏನಾಯ್ತು, ಮಗು ಏನು ಮಾಡಿತು, ಆಮೇಲೆ ಏನಾಯ್ತು. ಉದಾಹರಣೆಗೆ: "11.20, ಬೋರ್ಡ್ ನೋಡಿ ಬರೆಯಿರಿ ಅಂದೆ, ಎದ್ದು ಬಾಗಿಲಿಗೆ ಹೋದ, ಕರೆದು ನನ್ನ ಪಕ್ಕ ಕೂರಿಸಿಕೊಂಡೆ." ಹುಡುಗನಿಗೆ ಬರೆಯೋದು ತಪ್ಪಿತು, ಟೀಚರ್ ಪಕ್ಕದ ಜಾಗವೂ ಸಿಕ್ಕಿತು. ಕೊನೆಯ ಕಾಲಂ ಖಾಲಿ ಬಿಟ್ಟರೆ ಇದು ಗೊತ್ತೇ ಆಗಲ್ಲ. ಎರಡು ವಾರ ಬರೆಯಿರಿ.

ಉತ್ತರ 2
ಪಾಠದ ಮಧ್ಯೆ ಅಷ್ಟು ಬರೆಯೋಕಾಗಲ್ಲ. ಮೇಜಿನ ಮೇಲೆ ಎರಡು ಬಟ್ಟಲಿಡಿ, ಒಂದರಲ್ಲಿ ಹುಣಸೆಬೀಜ. ಎದ್ದಾಗೆಲ್ಲ ಒಂದು ಬೀಜ ಆಚೆ ಬಟ್ಟಲಿಗೆ. ಪಿರಿಯಡ್ ಮುಗಿದ ಮೇಲೆ ಎಣಿಸಿ, ವಾರದ ಟೈಮ್‌ಟೇಬಲ್‌ನ ಚೌಕಗಳಲ್ಲೇ ಬರೆಯಿರಿ. ಏಳದ ಪಿರಿಯಡ್‌ಗೆ ಸೊನ್ನೆ ಹಾಕಲೇಬೇಕು, ಗೈರಾದರೆ "ಗೈ". ಶಾಂತವಾಗಿದ್ದ ಹೊತ್ತನ್ನು ಬರೆಯದೆ ಇರೋದರಿಂದಲೇ "ದಿನವಿಡೀ" ಅನ್ನಿಸೋದು. ಬಿಸಿಯೂಟಕ್ಕೆ ಮುಂಚಿನ ಪಿರಿಯಡ್‌ನಲ್ಲೇ ಸಂಖ್ಯೆ ಏರಿದರೆ, ಬೆಳಿಗ್ಗೆ ತಿಂದು ಬರ್ತಾನಾ ಅಂತ ಮೊದಲು ಕೇಳಿ.

ಉತ್ತರ 3
ಪಟ್ಟಿಯಿಂದ ಸಿಗೋದು ಊಹೆ ಮಾತ್ರ, ಪರೀಕ್ಷಿಸಿ ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಬೋರ್ಡ್ ನೋಡಿ ಬರೆಯೋವಾಗ ಏಳ್ತಾನೆ ಅಂತ ಪಟ್ಟಿಯಲ್ಲಿ ಕಂಡರೆ, ಎಲ್ಲರೂ ಅವನನ್ನು ಮುಂದಿನ ಬೆಂಚಿಗೆ ಕೂರಿಸ್ತಾರೆ. ಆಗ ಬೋರ್ಡೂ ಹತ್ತಿರ, ಟೀಚರೂ ಹತ್ತಿರ, ಯಾವುದರಿಂದ ಸರಿಹೋಯ್ತು ಅಂತ ತಿಳಿಯಲ್ಲ. ಅದರ ಬದಲು ಬೋರ್ಡಿನ ಸಾಲುಗಳನ್ನೇ ಚೀಟಿಯಲ್ಲಿ ಬರೆದು ಅವನು ಕೂತಲ್ಲೇ ಕೊಡಿ. ಏಳೋದು ಕಡಿಮೆಯಾದರೆ ಕಣ್ಣು ಪರೀಕ್ಷೆ ಮಾಡಿಸಿ. ಆಗದಿದ್ದರೆ ಎಂಟು ಸಾಲನ್ನು ನಾಲ್ಕಕ್ಕೆ ಇಳಿಸಿ ನೋಡಿ. ಅದೂ ಫಲಿಸದಿದ್ದರೆ, ಅವನು ಏಳುವ ಮುಂಚೆಯೇ ಐದೈದು ನಿಮಿಷಕ್ಕೆ ಹತ್ತಿರ ಹೋಗಿ ಮಾತಾಡಿಸಿ, ಎದ್ದಾಗ ಗಮನ ಕೊಡಬೇಡಿ. ಮೊದಲ ಕೆಲವು ದಿನ ಏಳೋದು ಹೆಚ್ಚಾಗಬಹುದು. ಅಲ್ಲೇ ಸೋತು ಕರೆದು ಕೂರಿಸಿಕೊಂಡರೆ, ಇನ್ನೂ ಜೋರಾಗಿ ಮಾಡಿದರೆ ಗೆಲ್ಲಬಹುದು ಅಂತ ಕಲೀತಾನೆ.

ಉತ್ತರ 4
ಓಡಾಡೋ ಮಕ್ಕಳು ಕಣ್ಣಿಗೆ ಬೀಳ್ತಾರೆ, ಸುಮ್ಮನೆ ಕೂತವರು ಬೀಳಲ್ಲ. ಮಾತು ಅರ್ಧಕ್ಕೆ ನಿಲ್ಲಿಸಿ ಕೆಲವು ಸೆಕೆಂಡ್ ಶೂನ್ಯ ನೋಡಿ, ಮುಟ್ಟಿ ಕರೆದರೂ ಎಚ್ಚರವಾಗದೆ, ಮತ್ತೆ ಏನೂ ಆಗದಂತೆ ಬರೆಯೋ ಮಗುವನ್ನು "ಗಮನ ಇಲ್ಲ" ಅಂತ ಬೈಯಬೇಡಿ. ಅದು ಒಂದು ಬಗೆಯ ಅಪಸ್ಮಾರ (ಮೂರ್ಛೆರೋಗ) ಇರಬಹುದು. ದಿನಕ್ಕೆ ಎಷ್ಟು ಸಲ, ಎಷ್ಟು ಸೆಕೆಂಡ್ ಅಂತ ಬರೆದುಕೊಂಡು ತಂದೆತಾಯಿಗೆ ಕೊಡಿ. ವೈದ್ಯರು ಕೇಳೋದು ಅದನ್ನೇ.