ಪದಚರ್ಚೆ: ‘ಶ್ರಮಶಕ್ತಿ’ಯೋ ‘ಶ್ರಮಬಲ’ವೋ?

ಮಾನ್ಯರೇ,

ದಾವಣಗೆರೆಯಲ್ಲಿ ಪದವಿ ತರಗತಿಯ ಅರ್ಥಶಾಸ್ತ್ರದ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಭಾರತ, ಚೀನಾ, ಬಾಂಗ್ಲಾದೇಶದಂತಹ ಅಭಿವೃದ್ಧಿಶೀಲ ದೇಶಗಳಲ್ಲಿ ‘ಲೇಬರ್ ಫೋರ್ಸ್’ ಎಷ್ಟಿತ್ತು, ಕೆಲವು ದಶಕಗಳಲ್ಲಿ ಅದು ಹೇಗೆ ಬದಲಾಯಿತು ಎಂಬುದು ಅದರ ವಸ್ತು. ಮೊದಲ ಸಾಲಿನಲ್ಲಿಯೇ ಈ ಪದ ನನ್ನನ್ನು ತಡೆದು ನಿಲ್ಲಿಸಿದೆ.

ಒಂದು ವಯಸ್ಸು ದಾಟಿದವರಲ್ಲಿ, ಸಾಮಾನ್ಯವಾಗಿ 15 ವರ್ಷ ಮೇಲ್ಪಟ್ಟವರಲ್ಲಿ, ಕೆಲಸದಲ್ಲಿರುವವರು ಮತ್ತು ಕೆಲಸವಿಲ್ಲದೆ ಅದನ್ನು ಹುಡುಕುತ್ತಿರುವವರು ಸೇರಿದ ಒಟ್ಟು ಜನವೇ ಲೇಬರ್ ಫೋರ್ಸ್. ಕೂಲಿಗಾಗಿ ಬೆಳಗಿನಿಂದ ವೃತ್ತದಲ್ಲಿ ಕಾದು ನಿಂತು, ಯಾರೂ ಕರೆಯದೆ ಮನೆಗೆ ಮರಳಿದ ಗಾರೆ ಕೆಲಸದವನೂ ಇದರೊಳಗೆ ಬರುತ್ತಾನೆ. ಆದ್ದರಿಂದ ‘ದುಡಿಯುವ ಜನ’ ಎಂದರೆ ಅವನು ಹೊರಗುಳಿಯುತ್ತಾನೆ. ಆ ಮಾತು ‘ವರ್ಕ್‌ಫೋರ್ಸ್’ಗೆ ಮಾತ್ರ ಸರಿಹೊಂದೀತು. ‘ಕಾರ್ಯಪಡೆ’ ಎಂಬುದನ್ನು ‘ಟಾಸ್ಕ್ ಫೋರ್ಸ್’ ಈಗಾಗಲೇ ತನ್ನದಾಗಿಸಿಕೊಂಡಿದೆ. ‘ಕಾರ್ಮಿಕ ಪಡೆ’ಯ ಬಗ್ಗೆ ನನ್ನ ತಕರಾರು ಬೇರೆ: ಹತ್ತಿ ಗಿರಣಿಗಳಿಂದ ಬೆಳೆದ ನಮ್ಮ ಊರಿನಲ್ಲಿ ಕಾರ್ಮಿಕನೆಂದರೆ ಇನ್ನೊಬ್ಬರ ಬಳಿ ಸಂಬಳಕ್ಕೆ ದುಡಿಯುವವನು. ಚಳ್ಳಕೆರೆಯ ಕಡೆ ಸ್ವಂತ ಎರಡು ಎಕರೆಯಲ್ಲಿ ಶೇಂಗಾ ಬಿತ್ತುವ ರೈತನನ್ನು ಯಾರೂ ಕಾರ್ಮಿಕನೆನ್ನುವುದಿಲ್ಲ, ಆದರೆ ಲೆಕ್ಕದಲ್ಲಿ ಅವನೂ ಇದ್ದಾನೆ.

ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು ‘ಶ್ರಮಶಕ್ತಿ’. ಇದನ್ನು ಒಪ್ಪಲು ನನಗೆ ಎಲ್ಲಕ್ಕಿಂತ ಕಷ್ಟವಾಗುತ್ತಿದೆ. ಮಾರ್ಕ್ಸ್ ಹೇಳುವ, ದುಡಿಯುವವನು ತನ್ನೊಳಗಿಟ್ಟುಕೊಂಡು ದಿನಗೂಲಿಗೆ ಮಾರುವ ಸಾಮರ್ಥ್ಯಕ್ಕೆ ಕನ್ನಡದಲ್ಲಿ ಶ್ರಮಶಕ್ತಿಯೆಂಬ ಹೆಸರು ನೆಲೆಯೂರಿದೆ, ಮತ್ತು ಎಡಪಂಥೀಯ ಕಾರ್ಮಿಕ ಚಳವಳಿ ಬಲವಾಗಿದ್ದ ದಾವಣಗೆರೆಯಂತಹ ಊರಿನಲ್ಲಿ ಅದು ಕೇವಲ ಪುಸ್ತಕದ ಮಾತಲ್ಲ. ಶಕ್ತಿ ಒಬ್ಬನೊಳಗೆ ಇರುವಂಥದ್ದು. ಅದನ್ನು ತಲೆಯೆಣಿಸಿ ಹೇಳಲಾಗದು. ‘ಬಲ’ ಹಾಗಲ್ಲ. ಚತುರಂಗ ಬಲ, ಜನಬಲ, ಸಂಖ್ಯಾಬಲ ಎನ್ನುವಾಗ ನಾವು ಎಣಿಸಬಹುದಾದ ಸಮೂಹವನ್ನೇ ಹೇಳುತ್ತೇವೆ. ಹಳಗನ್ನಡದಲ್ಲಿಯೂ ಬಲವೆಂದರೆ ಸೇನೆ. ಹೀಗಾಗಿ ‘ಶ್ರಮಬಲ’ವೇ ಸರಿಯೆಂದು ನನ್ನ ಅಭಿಪ್ರಾಯ. ‘ದುಡಿಮೆಬಲ’ ಇನ್ನೂ ಹತ್ತಿರದ ಪದವಾಗುತ್ತಿತ್ತು; ಆದರೆ ನಮ್ಮ ಕಡೆ ‘ಅವನ ದುಡಿಮೆ ಎಷ್ಟು?’ ಎಂದರೆ ಕೇಳುತ್ತಿರುವುದು ಗಳಿಕೆಯನ್ನು.

ಎರಡನೆಯ ತೊಡಕು ‘ಪ್ರಮಾಣ’ದ್ದು. ‘ಶ್ರಮಬಲದ ಪ್ರಮಾಣ ಹೆಚ್ಚಿತು’ ಎಂದು ಬರೆದರೆ ಜನಸಂಖ್ಯೆಯಲ್ಲಿ ಅದರ ಪಾಲು ಹೆಚ್ಚಿತೋ, ತಲೆಗಳ ಸಂಖ್ಯೆ ಹೆಚ್ಚಿತೋ ತಿಳಿಯುವುದಿಲ್ಲ. 2004–05ರಿಂದ 2011–12ರ ನಡುವೆ ಭಾರತದಲ್ಲಿ ಸಂಖ್ಯೆ ಏರಿತು, ಪಾಲು ಇಳಿಯಿತು. ಮುಖ್ಯವಾಗಿ ಹಳ್ಳಿಯ ಹೆಂಗಸರ ಪಾಲು. ಒಂದೇ ಪದ ಎರಡಕ್ಕೂ ಬಂದರೆ ವಿದ್ಯಾರ್ಥಿ ಇದನ್ನು ತಪ್ಪಾಗಿಯೇ ಓದುತ್ತಾನೆ. ಸಂಖ್ಯೆಗೆ ‘ಗಾತ್ರ’, ಪಾಲಿಗೆ ‘ಭಾಗವಹಿಸುವಿಕೆಯ ದರ’ ಎಂದು ಸದ್ಯಕ್ಕೆ ಬೇರ್ಪಡಿಸಿದ್ದೇನೆ. ಎರಡನೆಯದು ಬಾಯಿಗೆ ಒಗ್ಗುವುದಿಲ್ಲವೆಂಬುದನ್ನು ಬಲ್ಲೆ.

ಇನ್ನು ಕಾಲದ ಹೋಲಿಕೆ. ನಮ್ಮ ಜನಗಣತಿಯಲ್ಲಿ 1961ರಲ್ಲಿ ಕೆಲಸದ ಅರ್ಥ ಉದಾರವಾಗಿತ್ತು. 1971ರಲ್ಲಿ ಮುಖ್ಯ ಚಟುವಟಿಕೆ ಯಾವುದೆಂದು ಕೇಳಲಾಯಿತು. ಮನೆಗೆಲಸದ ನಡುವೆ ಹೊಲಕ್ಕೂ ಹೋಗುತ್ತಿದ್ದ ಹೆಂಗಸರು ಕೆಲಸಗಾರರ ಪಟ್ಟಿಯಿಂದ ದೊಡ್ಡ ಸಂಖ್ಯೆಯಲ್ಲಿ ಜಾರಿಹೋದರು. ಬಾಂಗ್ಲಾದೇಶದಲ್ಲಿ ಇದಕ್ಕೆ ತದ್ವಿರುದ್ಧವಾಯಿತು: 1989ರ ಸಮೀಕ್ಷೆ ಒಕ್ಕಣೆ, ಕೋಳಿ ಸಾಕಣೆಯಂತಹ ಮನೆಯಂಗಳದ ಕೆಲಸಗಳನ್ನೂ ಸೇರಿಸಿಕೊಂಡಾಗ ಹೆಂಗಸರ ಸಂಖ್ಯೆ ಹಠಾತ್ತನೆ ಏರಿತು. ಎರಡೂ ಕಡೆ ಏರಿಳಿತದ ಬಹುಪಾಲು ಹುಟ್ಟಿದ್ದು ಪ್ರಶ್ನೆಯ ಮಾತಿನಲ್ಲಿ. ತರಗತಿಯಲ್ಲಿ ಇದನ್ನು ನಮ್ಮ ಜಿಲ್ಲೆಗಳ ಮೂಲಕವೇ ವಿವರಿಸುತ್ತೇನೆ: 1997ರಲ್ಲಿ ದಾವಣಗೆರೆ ಬೇರೆಯಾದುದನ್ನು ಮರೆತು ಚಿತ್ರದುರ್ಗದ 1991 ಮತ್ತು 2001ರ ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ, ಜಿಲ್ಲೆಯ ಸುಮಾರು ಶೇ 30ರಷ್ಟು ಜನ ಊರು ಬಿಟ್ಟಂತೆ ಕಾಣುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಆಶ್ರಯದಲ್ಲಿ ಸೇರುವ ಸಂಖ್ಯಾಶಾಸ್ತ್ರಜ್ಞರ ಸಮ್ಮೇಳನ 2013ರಲ್ಲಿ ‘ವರ್ಕ್’ ಮತ್ತು ‘ಎಂಪ್ಲಾಯ್‌ಮೆಂಟ್’ಗಳನ್ನು ಬೇರ್ಪಡಿಸಿತು. ಮನೆಯ ಊಟಕ್ಕೆಂದೇ ಜೋಳ ಬೆಳೆಯುವುದು ಕೆಲಸ ಹೌದು, ಆದರೆ ಉದ್ಯೋಗವಲ್ಲ. ಕನ್ನಡದಲ್ಲಿ ‘ಕೆಲಸ’ ಎರಡನ್ನೂ ಹೊರುತ್ತಿದೆ. ‘ನೀವೇನು ಕೆಲಸ ಮಾಡುತ್ತೀರಿ?’ ಎಂದು ಕೇಳಿದರೆ, ಬೆಳಗಿನಿಂದ ಬಿತ್ತನೆಗೆ ಶೇಂಗಾ ಬಿಡಿಸುತ್ತ ಕುಳಿತ ಹೆಂಗಸು ‘ಏನಿಲ್ಲ, ಮನೆಯಾಗೇ ಇರ್ತೀನಿ’ ಎನ್ನುತ್ತಾಳೆ. ಗಣತಿದಾರ ಹಾಗೆಯೇ ಬರೆದುಕೊಳ್ಳುತ್ತಾನೆ.

ನನ್ನ ಪ್ರಶ್ನೆಗಳು ಎರಡು. ‘ಶ್ರಮಬಲ’ವನ್ನು ಈ ಅರ್ಥದಲ್ಲಿ ನಿಮ್ಮಲ್ಲಿ ಯಾರಾದರೂ ಬಳಸಿದ್ದೀರಾ, ಓದಿದವರಿಗೆ ಅದು ತಿಳಿಯಿತೇ? ಮತ್ತು ಆಳು, ಮುಯ್ಯಾಳು, ಕೂಲಿ, ಗೇಯ್ಮೆ ಎಂದು ದುಡಿಯುವವರಿಗೂ ದುಡಿತಕ್ಕೂ ಇಷ್ಟು ಪದಗಳಿರುವ ನಮ್ಮ ಹಳ್ಳಿಗಳ ಮಾತಿನಲ್ಲಿ, ಕೆಲಸಕ್ಕೆ ಸಿದ್ಧವಾಗಿ ನಿಂತೂ ಕೆಲಸ ಸಿಗದವನಿಗೆ ಒಂದೇ ಪದದ ಹೆಸರು ನಿಮ್ಮ ಸೀಮೆಯಲ್ಲಿ ಇದೆಯೇ?